ಲಿಬ್ರೆಆಫೀಸ್ ರೈಟರ್ ಗೈಡ್: ಸ್ವಯಂಸೇವಕರು ಪ್ರೂಫ್ ನೋಡಿದ ಕೈಪಿಡಿ ಎಷ್ಟು ನಂಬಿಕೆಗೆ ಯೋಗ್ಯ?

ಬೆಲೆಯಿಲ್ಲದೆ ಸಿಗುವ ತಂತ್ರಾಂಶದ ಕೈಪಿಡಿ ಅರೆಬರೆಯಾಗಿಯೇ ಇರುತ್ತದೆ ಎಂಬ ಮಾತು ನಮ್ಮ ಕಚೇರಿಗಳಲ್ಲಿಯೂ ಡಿಟಿಪಿ ಕೇಂದ್ರಗಳಲ್ಲಿಯೂ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಬರಹ ಸಿದ್ಧಪಡಿಸುವ ಭಾಗವಾದ ರೈಟರ್‌ನ ಕೈಪಿಡಿ ರೈಟರ್ ಗೈಡನ್ನು ಹಲವು ಆವೃತ್ತಿಗಳಿಂದ ಬಳಸುತ್ತ ಬಂದಿರುವ ನಾನು ಆ ಮಾತನ್ನು ಒಪ್ಪುವುದಿಲ್ಲ. ಆದರೆ ಅದಕ್ಕೆ ಆಧಾರವೇ ಇಲ್ಲವೆಂದೂ ಹೇಳಲಾರೆ. ಈ ಪುಸ್ತಕದ ಕೆಲವು ಅಧ್ಯಾಯಗಳು ದುಡ್ಡು ಕೊಟ್ಟು ಕೊಂಡ ಯಾವ ಕಂಪ್ಯೂಟರ್ ಪುಸ್ತಕಕ್ಕೂ ಕಡಿಮೆಯಿಲ್ಲದಷ್ಟು ಖಚಿತವಾಗಿವೆ, ಇನ್ನು ಕೆಲವು ಓದುಗನನ್ನು ಅರ್ಧ ದಾರಿಯಲ್ಲಿ ಬಿಟ್ಟುಬಿಡುತ್ತವೆ. ಈ ಏರುಪೇರಿಗೆ ಬರೆದವರ ಜಾಣ್ಮೆಗಿಂತ ಪ್ರೂಫ್ ನೋಡಿದ ಬಗೆಯೇ ಹೆಚ್ಚಿನ ಕಾರಣವೆಂದು ನನಗೆ ಅನ್ನಿಸಿದೆ. ಆದ್ದರಿಂದ ಪುಸ್ತಕವನ್ನೂ ಅದರ ಹಿಂದಿರುವ ಪ್ರೂಫ್ ಕೆಲಸವನ್ನೂ ಒಟ್ಟಿಗೇ ವಿಮರ್ಶಿಸುತ್ತಿದ್ದೇನೆ.

ಹಿನ್ನೆಲೆ ತಿಳಿಯದವರಿಗಾಗಿ ನಾಲ್ಕು ಮಾತು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಆಸರೆಯಲ್ಲಿ ಬೆಳೆದಿದ್ದ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶ, ಆ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡ ಮೇಲೆ ಒರಾಕಲ್‌ನ ಕೈಸೇರಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಸಮುದಾಯದ ಹಲವರು ಬೇರೆಯಾಗಿ ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಘೋಷಿಸಿದರು. ಓಪನ್‌ಆಫೀಸ್‌ನಿಂದಲೇ ಕವಲೊಡೆದ ಅವರ ತಂತ್ರಾಂಶ ಲಿಬ್ರೆಆಫೀಸ್‌ನ ಮೊದಲ ಆವೃತ್ತಿಯಾದ 3.3 ಹೊರಬಂದದ್ದು 2011ರ ಜನವರಿಯಲ್ಲಿ. ಕೈಪಿಡಿಗಳನ್ನು ಬರೆಯುವ ಬಳಗ ಇದಕ್ಕಿಂತ ಹಳೆಯದು. ಓಪನ್‌ಆಫೀಸ್ ಕಾಲದಲ್ಲಿಯೇ ಸ್ವಯಂಸೇವಕರು ಬರೆದು ತಿದ್ದಿದ್ದ ಪಠ್ಯವನ್ನು ಹೊಸ ಹೆಸರಿನ ತಂತ್ರಾಂಶಕ್ಕೆ ಹೊಂದಿಸಿಕೊಂಡು, ಅಂದಿನಿಂದ ಆವೃತ್ತಿಯಿಂದ ಆವೃತ್ತಿಗೆ ಪರಿಷ್ಕರಿಸುತ್ತ ಬಂದಿದ್ದಾರೆ. ರೈಟರ್ ಅಲ್ಲದೆ ಲಿಬ್ರೆಆಫೀಸ್‌ನ ಉಳಿದ ಭಾಗಗಳಾದ ಕ್ಯಾಲ್ಕ್, ಇಂಪ್ರೆಸ್, ಡ್ರಾ, ಮ್ಯಾಥ್ ಮತ್ತು ದತ್ತಾಂಶ ನಿರ್ವಹಿಸುವ ಬೇಸ್ ಇವುಗಳಿಗೂ, ಹೊಸಬರಿಗೆಂದೇ ಇರುವ ಗೆಟಿಂಗ್ ಸ್ಟಾರ್ಟೆಡ್ ಗೈಡ್‌ಗೂ ಇದೇ ವ್ಯವಸ್ಥೆ. ಬೇಸ್ ಗೈಡ್ ಮಾತ್ರ ಮೂಲದಲ್ಲಿ ಜರ್ಮನ್ ಭಾಷೆಯದು. ಅಲ್ಲಿಂದ ಇಂಗ್ಲಿಷಿಗೆ ಬಂತು.

ರೈಟರ್ ಗೈಡ್ ಇಪ್ಪತ್ತಕ್ಕೂ ಹೆಚ್ಚು ಅಧ್ಯಾಯಗಳ, ನಾನೂರು ಪುಟ ದಾಟುವ ಪುಸ್ತಕ. ಪಿಡಿಎಫ್ ರೂಪದಲ್ಲಿಯೂ ರೈಟರ್‌ನದೇ ಆದ ಓಡಿಟಿ ಕಡತವಾಗಿಯೂ ಉಚಿತವಾಗಿ ಇಳಿಸಿಕೊಳ್ಳಬಹುದು. ಬಹಳ ಜನ ಪಿಡಿಎಫ್ ಮಾತ್ರ ಇಳಿಸಿಕೊಳ್ಳುತ್ತಾರೆ; ಓಡಿಟಿಯನ್ನೂ ಇಳಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯ. ಏಕೆಂದರೆ ಈ ಪುಸ್ತಕವನ್ನು ಬರೆದದ್ದೂ, ತಿದ್ದಿದ್ದೂ, ಪುಟ ಕಟ್ಟಿದ್ದೂ ರೈಟರ್‌ನಲ್ಲಿಯೇ. ಕಡತವನ್ನು ತೆರೆದು ಎಫ್11 ಕೀಲಿ ಒತ್ತಿದರೆ ಪಕ್ಕದಲ್ಲಿ ಸ್ಟೈಲ್‌ಗಳ, ಎಂದರೆ ಫಾಂಟ್, ಗಾತ್ರ, ಅಂಚು ಇತ್ಯಾದಿಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟ ವಿನ್ಯಾಸಗಳ, ಪಟ್ಟಿ ತೆರೆದುಕೊಳ್ಳುತ್ತದೆ. ಶೀರ್ಷಿಕೆಗೆ ಯಾವ ಸ್ಟೈಲ್, ಟಿಪ್ಪಣಿಯ ಚೌಕಕ್ಕೆ ಯಾವುದು, ಮೆನುವಿನ ಹೆಸರನ್ನು ದಪ್ಪಕ್ಷರದಲ್ಲಿ ತೋರಿಸುವ ಅಕ್ಷರ ಸ್ಟೈಲ್ ಯಾವುದು ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಸ್ಟೈಲ್‌ಗಳ ಕುರಿತ ಅಧ್ಯಾಯವನ್ನು ಓದುತ್ತ, ಅದೇ ಅಧ್ಯಾಯದ ಕಡತದಲ್ಲಿ ಆ ಸ್ಟೈಲ್‌ಗಳು ಹೇಗೆ ಕೆಲಸ ಮಾಡಿವೆಯೆಂದು ನೋಡುವ ಅನುಕೂಲವನ್ನು ಬೇರೆ ಕೈಪಿಡಿಯಲ್ಲಿ ನಾನು ಕಂಡಿಲ್ಲ.

ಈಗ ಪ್ರೂಫ್ ವಿಷಯಕ್ಕೆ ಬರೋಣ. ನಮ್ಮ ಕನ್ನಡ ಪ್ರಕಾಶನದಲ್ಲಿ ಪ್ರೂಫ್ ನೋಡುವುದೆಂದರೆ ಹಸ್ತಪ್ರತಿಯನ್ನು ಎದುರಿಗಿಟ್ಟುಕೊಂಡು ಬಿಟ್ಟುಹೋದ ಒತ್ತಕ್ಷರ, ತಪ್ಪಿದ ದೀರ್ಘ, ಹಾರಿಹೋದ ಸಾಲು ಇವನ್ನು ಹಿಡಿಯುವುದು. ತಂತ್ರಾಂಶದ ಕೈಪಿಡಿಗೆ ಅಷ್ಟು ಸಾಲದು. ಇಲ್ಲಿ ಪ್ರತಿ ಅಧ್ಯಾಯ ಒಂದು ಬಿಡಿ ಕಡತ. ಒಬ್ಬರು ಅದನ್ನು ಹೊಸ ಆವೃತ್ತಿಗೆ ತಕ್ಕಂತೆ ಪರಿಷ್ಕರಿಸುತ್ತಾರೆ. ಇನ್ನೊಬ್ಬರು ಬದಲಾವಣೆಗಳ ದಾಖಲೆಯನ್ನು ಚಾಲೂ ಇಟ್ಟುಕೊಂಡು ಅದನ್ನು ಪರಿಶೀಲಿಸುತ್ತಾರೆ. ಭಾಷೆ, ವಿರಾಮಚಿಹ್ನೆ, ಚಿತ್ರಗಳ ಸಂಖ್ಯೆ, ಬಳಗದ ಶೈಲಿ ಕೈಪಿಡಿಯ ನಿಯಮಗಳು ಇವುಗಳಿಗಾಗಿ ಮತ್ತೊಂದು ಓದು ನಡೆಯುತ್ತದೆ. ಒಬ್ಬೊಬ್ಬರ ತಿದ್ದುಪಡಿಯೂ ಒಂದೊಂದು ಬಣ್ಣದಲ್ಲಿ ಕಾಣುವುದರಿಂದ ಯಾರು ಏನನ್ನು ತೆಗೆದರು, ಏನನ್ನು ಸೇರಿಸಿದರು ಎಂಬುದು ಸ್ಪಷ್ಟವಾಗಿರುತ್ತದೆ. ಈ ಓದುಗಳ ಪೈಕಿ ಪುಸ್ತಕದ ಗುಣವನ್ನು ತೀರ್ಮಾನಿಸುವುದು ನಡುವಿನ ಪರಿಶೀಲನೆ. ‘ಈ ಮೆನು ತೆರೆಯಿರಿ, ಆ ಟ್ಯಾಬ್‌ಗೆ ಹೋಗಿ, ಇಂಥ ಚೌಕದಲ್ಲಿ ಗುರುತು ಹಾಕಿ’ ಎಂಬ ಸಾಲನ್ನು ಕಣ್ಣಿನಿಂದ ಓದಿ ಸರಿಯಾಗಿದೆ ಎನ್ನುವವರಿಗೂ, ತಂತ್ರಾಂಶವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಪ್ರತಿ ಹೆಜ್ಜೆಯನ್ನೂ ಮಾಡಿ ನೋಡುವವರಿಗೂ ಅಜಗಜಾಂತರವಿದೆ. ದಾರಿ ಹೇಳುವವರು ಆ ದಾರಿಯಲ್ಲಿ ಒಮ್ಮೆಯಾದರೂ ನಡೆದಿರಬೇಕು.

ನಡೆದು ನೋಡಿದ ಅಧ್ಯಾಯಗಳು ಯಾವುವೆಂದು ಓದುಗನಿಗೆ ಬೇಗನೆ ತಿಳಿದುಬಿಡುತ್ತದೆ. ಪುಟ ವಿನ್ಯಾಸದ ಅಧ್ಯಾಯಗಳನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಪುಸ್ತಕ ಮಾಡುವ ಪ್ರತಿಯೊಬ್ಬರಿಗೂ ಎದುರಾಗುವ ತೊಡಕೊಂದಿದೆ: ಮುನ್ನುಡಿ, ಅರಿಕೆ, ಪರಿವಿಡಿಗಳಿಗೆ ರೋಮನ್ ಅಂಕಿ ಬೇಕು, ಮೊದಲ ಅಧ್ಯಾಯ 1ರಿಂದ ಶುರುವಾಗಬೇಕು, ಶೀರ್ಷಿಕೆ ಪುಟದಲ್ಲಿ ಅಂಕಿಯೇ ಇರಬಾರದು. ರೈಟರ್‌ನಲ್ಲಿ ಇದು ಪುಟದ ಸ್ಟೈಲ್‌ಗಳ ಮೂಲಕ ಆಗಬೇಕಾದ ಕೆಲಸ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಕಡತವನ್ನು ಭಾಗಗಳಾಗಿ ಒಡೆಯುವ ಸೆಕ್ಷನ್ ಬ್ರೇಕ್‌ಗೆ ಒಗ್ಗಿಹೋದವರು ಇಲ್ಲಿ ಎಡವುತ್ತಾರೆ. ಒಂದು ಪುಟ ಸ್ಟೈಲ್ ಮುಗಿದ ಮೇಲೆ ಮುಂದಿನದು ಯಾವುದೆಂದು ಮೊದಲೇ ಹೇಳಿಡುವುದು ಹೇಗೆ, ಇನ್ಸರ್ಟ್ ಮೆನುವಿನಿಂದ ಮ್ಯಾನುಯಲ್ ಬ್ರೇಕ್ ಹಾಕುವಾಗಲೇ ಹೊಸ ಪುಟ ಸ್ಟೈಲನ್ನೂ ಆರಂಭದ ಪುಟಸಂಖ್ಯೆಯನ್ನೂ ಕೊಡುವುದು ಹೇಗೆ ಎಂಬುದನ್ನು ಗೈಡ್ ಒಂದೂ ಹೆಜ್ಜೆ ಬಿಡದೆ ವಿವರಿಸುತ್ತದೆ. ಬೆಸ ಸಂಖ್ಯೆಯ ಪುಟ ಬಲಗಡೆಗೇ ಬರಬೇಕೆಂಬ ನಿಯಮವನ್ನು ರೈಟರ್ ಬಿಡುವುದಿಲ್ಲ. ಹಾಗಾಗಿ ಸಂಖ್ಯೆಯನ್ನು ಮತ್ತೆ 1ರಿಂದ ಆರಂಭಿಸಿದಾಗ ಕೆಲವೊಮ್ಮೆ ನಡುವೆ ಒಂದು ಖಾಲಿ ಪುಟ ತಾನಾಗಿ ಸೇರಿಕೊಳ್ಳುತ್ತದೆ. ತೆರೆಯ ಮೇಲೆ ಕಾಣದ ಈ ಪುಟ ಪಿಡಿಎಫ್‌ನಲ್ಲಿ ಪ್ರತ್ಯಕ್ಷವಾಗಿ ಎಷ್ಟೋ ಜನರ ತಲೆ ತಿಂದಿದೆ. ಇಂಥ ಖಾಲಿ ಪುಟಗಳು ಮುದ್ರಣದಲ್ಲಿಯೂ ಪಿಡಿಎಫ್‌ನಲ್ಲಿಯೂ ಬರಬೇಕೋ ಬೇಡವೋ ಎಂದು ಆರಿಸುವ ಜಾಗ ತಂತ್ರಾಂಶದಲ್ಲಿಯೇ ಇದೆ.

ಬದಲಾವಣೆಗಳ ದಾಖಲೆ ಮತ್ತು ಟಿಪ್ಪಣಿಗಳ ಭಾಗ ಇನ್ನೂ ಸೊಗಸಾಗಿದೆ. ಕಾರಣ ಸರಳ: ಈ ಪುಸ್ತಕವನ್ನು ತಿದ್ದುವವರು ತಮ್ಮ ಕೆಲಸಕ್ಕೆ ಬಳಸುವುದೇ ಆ ಸೌಲಭ್ಯವನ್ನು. ಎಡಿಟ್ ಮೆನುವಿನ ಟ್ರ್ಯಾಕ್ ಚೇಂಜಸ್ ಒಳಗೆ ದಾಖಲೆಯನ್ನು ಶುರುಮಾಡುವುದು, ಒಂದೊಂದೇ ತಿದ್ದುಪಡಿಯನ್ನು ಒಪ್ಪುವುದು ಅಥವಾ ತಿರಸ್ಕರಿಸುವುದು, ದಾಖಲೆಯಿಲ್ಲದೆ ಯಾರೋ ತಿದ್ದಿ ಕಳಿಸಿದ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ವ್ಯತ್ಯಾಸಗಳನ್ನು ಹೊರತೆಗೆಯುವುದು, ಟಿಪ್ಪಣಿಗೆ ಉತ್ತರ ಬರೆಯುವುದು, ಟಿಪ್ಪಣಿಗಳನ್ನು ಅಂಚಿನಲ್ಲಿ ಸೇರಿಸಿ ಮುದ್ರಿಸುವುದು ಇವೆಲ್ಲ ಕೈಯಲ್ಲಿ ಮಾಡಿ ಪಳಗಿದವರ ಮಾತಿನಂತೆ ಬಂದಿವೆ. ಲೇಖಕರು ಇಮೇಲ್‌ನಲ್ಲಿ ‘ಪುಟ 42, ಮೂರನೆಯ ಪ್ಯಾರಾ, ಎರಡನೆಯ ಸಾಲು’ ಎಂದು ಪಟ್ಟಿ ಮಾಡಿ ತಿದ್ದುಪಡಿ ಕಳಿಸುವ, ಅದನ್ನು ಡಿಟಿಪಿಯವರು ಒಂದೊಂದಾಗಿ ಹುಡುಕಿ ಹಾಕುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಅಂಥ ಪ್ರಕಾಶಕರು ಬೇರೇನನ್ನು ಓದದಿದ್ದರೂ ಈ ಭಾಗವನ್ನು ಓದಿ ತಮ್ಮ ಕರಡು ತಿದ್ದುವವರಿಗೂ ಓದಿಸುವುದು ಒಳ್ಳೆಯದು.

ಒಂದೇ ಪತ್ರವನ್ನು ಪಟ್ಟಿಯಲ್ಲಿರುವ ಹಲವರ ಹೆಸರು, ವಿಳಾಸಗಳೊಂದಿಗೆ ಸಿದ್ಧಪಡಿಸುವ ಮೇಲ್ ಮರ್ಜ್‌ನ ಅಧ್ಯಾಯವೂ ಅಷ್ಟೇ ಗಟ್ಟಿ. ವಿಳಾಸಗಳ ಪಟ್ಟಿಯನ್ನು ಮೊದಲು ದತ್ತಾಂಶದ ಮೂಲವಾಗಿ ನೋಂದಾಯಿಸಬೇಕು, ಆಗ ಬೇಸ್‌ನ ಒಂದು ಕಡತ ಸೃಷ್ಟಿಯಾಗುತ್ತದೆ, ಆಮೇಲೆಯೇ ಪತ್ರದೊಳಗೆ ಹೆಸರು, ಊರು ಇತ್ಯಾದಿ ಕ್ಷೇತ್ರಗಳನ್ನು ಎಳೆದು ಹಾಕಲು ಸಾಧ್ಯ ಎಂಬ ಕ್ರಮವನ್ನು ತಿಳಿಯದೆ ರೈಟರ್‌ನಲ್ಲಿ ಮೇಲ್ ಮರ್ಜ್ ಆಗುವುದೇ ಇಲ್ಲವೆಂದು ತೀರ್ಮಾನಿಸಿದವರಿದ್ದಾರೆ. ಶಾಲೆಯ ಪ್ರಮಾಣಪತ್ರ, ಸಹಕಾರ ಸಂಘದ ವಾರ್ಷಿಕ ಸಭೆಯ ನೋಟಿಸು, ಆಮಂತ್ರಣ ಪತ್ರಿಕೆಯ ಲಕೋಟೆ ಇಂಥ ಕೆಲಸಗಳಿಗೆ ಈ ಅಧ್ಯಾಯವೊಂದೇ ಸಾಕು.

ಇನ್ನು ಕೊರತೆಗಳು. ಮೊದಲನೆಯದೂ ನಮಗೆ ಹೆಚ್ಚು ತಟ್ಟುವುದೂ ಭಾರತೀಯ ಲಿಪಿಗಳ ವಿಷಯ. ಲಿಬ್ರೆಆಫೀಸ್ ಲಿಪಿಗಳನ್ನು ಪಾಶ್ಚಾತ್ಯ, ಪೂರ್ವ ಏಷ್ಯಾದವು, ಸಂಕೀರ್ಣ ವಿನ್ಯಾಸದವು ಎಂದು ಮೂರು ಗುಂಪಾಗಿ ನೋಡುತ್ತದೆ. ಕನ್ನಡ ಮೂರನೆಯ ಗುಂಪಿನಲ್ಲಿದೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ ಭಾಷೆಗಳ ಭಾಗದಲ್ಲಿ ಸಂಕೀರ್ಣ ಲಿಪಿಯ ಸೌಲಭ್ಯವನ್ನು ಚಾಲೂ ಮಾಡಿ ಕನ್ನಡವನ್ನು ಆರಿಸಿದರೆ, ಅಕ್ಷರ ವಿನ್ಯಾಸದ ಕಿಟಕಿಯಲ್ಲಿ ಪಾಶ್ಚಾತ್ಯ ಲಿಪಿಗೊಂದು, ಸಂಕೀರ್ಣ ಲಿಪಿಗೊಂದು ಎಂದು ಬೇರೆ ಬೇರೆ ಫಾಂಟ್ ಮತ್ತು ಗಾತ್ರ ಕೊಡುವ ಜಾಗ ಸಿಗುತ್ತದೆ. ಪ್ಯಾರಾ ಸ್ಟೈಲ್‌ನಲ್ಲಿ ಪಾಶ್ಚಾತ್ಯ ಭಾಗವನ್ನು ಮಾತ್ರ ಬದಲಿಸಿದವರಿಗೆ ಇಂಗ್ಲಿಷ್ ಅಕ್ಷರಗಳು ಬದಲಾಗಿ ಕನ್ನಡ ಅಕ್ಷರಗಳು ಇದ್ದಲ್ಲೇ ಇರುವುದು ಕಾಣುತ್ತದೆ. ತಂತ್ರಾಂಶವೇ ಕೆಟ್ಟಿದೆ ಎಂದುಕೊಂಡು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಿಗೆ ಮರಳಿದವರೂ ಉಂಟು. ಗೈಡ್‌ನಲ್ಲಿ ಈ ವಿಷಯ ಇಲ್ಲವೆಂದಲ್ಲ. ಸಿದ್ಧತೆಗಳ ಅಧ್ಯಾಯದಲ್ಲಿ ಅದು ಚುಟುಕಾಗಿ ಬರುತ್ತದೆ, ಆದರೆ ಸ್ಟೈಲ್‌ಗಳ ಅಧ್ಯಾಯದ ಉದಾಹರಣೆಗಳೆಲ್ಲ ಇಂಗ್ಲಿಷ್ ಪಠ್ಯವನ್ನೇ ಕಣ್ಣಮುಂದಿಟ್ಟುಕೊಂಡು ಬರೆದಂತಿವೆ. ಅಕಾರಾದಿ ಸೂಚಿಯ ಅಧ್ಯಾಯದ್ದೂ ಇದೇ ಕಥೆ. ಸೂಚಿಯನ್ನು ಯಾವ ಭಾಷೆಯ ಕ್ರಮದಲ್ಲಿ ಜೋಡಿಸಬೇಕೆಂದು ಆರಿಸುವ ಜಾಗವಿದೆ ಎಂದು ಹೇಳಿ ಮುಂದೆ ಹೋಗಿಬಿಡುತ್ತದೆ. ಇಂಗ್ಲಿಷೇತರ ಪುಸ್ತಕ ಮಾಡುವವರಿಗೆ ಅದು ಎಷ್ಟು ಮುಖ್ಯವೆಂಬ ಸುಳಿವು ಇಲ್ಲ.

ಬೇಸರದ ಸಂಗತಿಯೆಂದರೆ ತಂತ್ರಾಂಶ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ಇದೆ. ಆದ್ದರಿಂದ ಕನ್ನಡದ ಒತ್ತಕ್ಷರಗಳು ಒಂದು ಯಂತ್ರದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಕಾಣುವ ಕಾಟ ಬಹಳಮಟ್ಟಿಗೆ ತಗ್ಗಿದೆ. ಕನ್ನಡದ ಮೆನುಗಳೂ ಲಭ್ಯವಿವೆ. ತಂತ್ರಾಂಶ ಬಲ್ಲಷ್ಟನ್ನು ಕೈಪಿಡಿ ಹೇಳುತ್ತಿಲ್ಲ. ಇಂಗ್ಲಿಷ್ ಒಂದರಲ್ಲೇ ಕೆಲಸ ಮಾಡುವ ಪರಿಶೀಲಕರ ಗಣಕದಲ್ಲಿ ಸಂಕೀರ್ಣ ಲಿಪಿಯ ಸೌಲಭ್ಯ ಚಾಲೂ ಇರುವುದಿಲ್ಲ. ಚಾಲೂ ಇಲ್ಲದಿದ್ದರೆ ಆ ಭಾಗ ಕಿಟಕಿಯಲ್ಲಿ ಕಾಣುವುದೇ ಇಲ್ಲ. ಕಾಣದ್ದನ್ನು ಪರೀಕ್ಷಿಸಲಿಲ್ಲವೆಂದು ಅವರನ್ನು ದೂರುವುದು ನ್ಯಾಯವಲ್ಲ. ಕನ್ನಡ, ತಮಿಳು, ಬಂಗಾಳಿಗಳಲ್ಲಿ ದಿನವೂ ಕೆಲಸ ಮಾಡುವವರು ಪ್ರೂಫ್ ನೋಡಲು ಕುಳಿತರೆ ಮಾತ್ರ ಇದು ತುಂಬುವ ಕೊರತೆ.

ಎರಡನೆಯದು ತಡ. ಲಿಬ್ರೆಆಫೀಸ್ ವರ್ಷಕ್ಕೆ ಎರಡು ಬಾರಿ, ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುತ್ತದೆ. 7.6ರ ನಂತರ ಸಂಖ್ಯೆಯ ಪದ್ಧತಿಯನ್ನೇ ಬದಲಿಸಿ, 2024ರ ಮೊದಲ ಆವೃತ್ತಿಗೆ ವರ್ಷ ಮತ್ತು ತಿಂಗಳನ್ನು ಸೂಚಿಸುವ 24.2 ಎಂಬ ಸಂಖ್ಯೆ ಕೊಟ್ಟರು. ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವೇ ಜನ ನಾನೂರು ಪುಟಗಳನ್ನು ಆರು ತಿಂಗಳಿಗೊಮ್ಮೆ ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸುವುದು ಆಗದ ಮಾತು. ಎಲ್ಲ ಗೈಡ್‌ಗಳೂ ಎಲ್ಲ ಆವೃತ್ತಿಗಳಿಗೂ ಹೊರಬರುವುದಿಲ್ಲ. ನಿಮ್ಮ ಗಣಕದಲ್ಲಿರುವ ಆವೃತ್ತಿಗಿಂತ ಒಂದೆರಡು ಹೆಜ್ಜೆ ಹಿಂದಿನ ಪುಸ್ತಕವೇ ಕೈಗೆ ಸಿಗುವ ಸಂಭವವುಂಟು. ಮೆನುವಿನ ಹೆಸರುಗಳು ಜಾಗ ಬದಲಿಸುವುದರಿಂದ ಇದು ಸಣ್ಣ ತೊಂದರೆಯಲ್ಲ. ಸ್ಟೈಲ್ಸ್ ಎಂಬ ಪ್ರತ್ಯೇಕ ಮೆನು ರೈಟರ್‌ಗೆ ಬಂದದ್ದೇ 5.1ರಲ್ಲಿ, ಅದಕ್ಕೂ ಹಿಂದಿನ ಪುಸ್ತಕವನ್ನು ಯಾರದೋ ಪೆನ್‌ಡ್ರೈವ್‌ನಿಂದ ಪಡೆದು ಓದುವವರು ಹೆಜ್ಜೆಹೆಜ್ಜೆಗೂ ತಡಕಾಡಬೇಕಾಗುತ್ತದೆ. ಪುಸ್ತಕದ ಆರಂಭದ ಪುಟದಲ್ಲಿ ಪ್ರಕಟಣೆಯ ದಿನಾಂಕವೂ ತಂತ್ರಾಂಶದ ಆವೃತ್ತಿಯೂ ನಮೂದಾಗಿರುತ್ತವೆ. ಓದಲು ಕೂರುವ ಮೊದಲು ಅದನ್ನು ನೋಡಿಕೊಳ್ಳಬೇಕು.

ಚಿತ್ರಗಳ ಬಗ್ಗೆ ಪುಸ್ತಕವೇ ಮೊದಲಿಗೆ ಎಚ್ಚರಿಕೆ ಕೊಡುತ್ತದೆ: ಅವನ್ನು ಬೇರೆ ಬೇರೆ ಗಣಕಗಳಿಂದಲೂ ಕಾರ್ಯಾಚರಣಾ ವ್ಯವಸ್ಥೆಗಳಿಂದಲೂ ತೆಗೆದಿರುವುದರಿಂದ ನಿಮ್ಮ ತೆರೆಯ ಮೇಲೆ ಕಾಣುವುದಕ್ಕಿಂತ ಭಿನ್ನವಾಗಿರಬಹುದು. ಮ್ಯಾಕ್ ಬಳಸುವವರಿಗಾಗಿ ಕೀಲಿಗಳ ವ್ಯತ್ಯಾಸದ ಒಂದು ಪಟ್ಟಿಯನ್ನೂ ಕೊಟ್ಟಿದ್ದಾರೆ. ವಿವರಣೆಯೆಲ್ಲ ಸಾಂಪ್ರದಾಯಿಕ ಮೆನು ಮತ್ತು ಟೂಲ್‌ಬಾರ್‌ಗಳನ್ನೇ ಆಧರಿಸಿದೆ. ವರ್ಡ್‌ನ ರಿಬ್ಬನ್‌ನಂತಿರುವ ಟ್ಯಾಬ್ ವಿನ್ಯಾಸವನ್ನು ಆರಿಸಿಕೊಂಡವರು ಗೈಡನ್ನು ಅನುಸರಿಸುವಷ್ಟು ಹೊತ್ತಾದರೂ ವ್ಯೂ ಮೆನುವಿನಿಂದ ಹಳೆಯ ವಿನ್ಯಾಸಕ್ಕೆ ಮರಳುವುದು ಲೇಸು.

ಭಾಷೆಯ ಬಗ್ಗೆ ಒಂದು ಮಾತು. ನಾನು ಬಳಸಿದ್ದು ಇಂಗ್ಲಿಷ್ ಪುಸ್ತಕ. ಹಲವು ದೇಶಗಳ, ಇಂಗ್ಲಿಷ್ ಮಾತೃಭಾಷೆಯಲ್ಲದವರೂ ಸೇರಿದ ಬಳಗ ಬರೆದದ್ದಾದರೂ ಅದು ಒಬ್ಬರೇ ಬರೆದಂತೆ ಓದಿಸಿಕೊಳ್ಳುತ್ತದೆ. ಸಲಹೆ, ಸೂಚನೆ, ಎಚ್ಚರಿಕೆ ಎಂಬ ಮೂರು ಬಗೆಯ ಚೌಕಗಳನ್ನು ಹದವರಿತು ಬಳಸಿದ್ದಾರೆ. ವಾಕ್ಯಗಳು ಚಿಕ್ಕವು, ತಮಾಷೆಯಿಲ್ಲ, ಜಾಹೀರಾತಿನ ಧಾಟಿಯಂತೂ ಇಲ್ಲವೇ ಇಲ್ಲ. ಪಿಯುಸಿ ಮಟ್ಟದ ಇಂಗ್ಲಿಷ್ ಬಲ್ಲವರು ನಿಧಾನವಾಗಿ ಓದಿಕೊಳ್ಳಬಹುದು. ಪ್ರೂಫ್ ನೋಡಿದವರ ನಿಜವಾದ ಶ್ರಮ ಕಾಣುವುದು ಇಲ್ಲಿಯೇ. ಅವರ ಹೆಸರುಗಳೂ ಹಕ್ಕುಸ್ವಾಮ್ಯದ ಪುಟದಲ್ಲಿ ಬರೆದವರ ಹೆಸರುಗಳ ಜೊತೆಗೇ ಇವೆ. ಈ ಆವೃತ್ತಿಗೆ ದುಡಿದವರದು ಒಂದು ಪಟ್ಟಿ, ಹಿಂದಿನ ಆವೃತ್ತಿಗಳವರದು ಇನ್ನೊಂದು. ನಮ್ಮಲ್ಲಿ ಕರಡು ತಿದ್ದಿದವರಿಗೆ ಲೇಖಕರ ಅರಿಕೆಯ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕರೆ ಅದೇ ಹೆಚ್ಚು.

ಈ ಬಳಗಕ್ಕೆ ಸೇರಿ ಪ್ರೂಫ್ ನೋಡಬಯಸುವ ಕನ್ನಡಿಗರಿಗೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಒಂದು ಅಧ್ಯಾಯದ ಕಡತ, ಹೊಸ ಆವೃತ್ತಿಯ ಲಿಬ್ರೆಆಫೀಸ್, ಒಂದಿಷ್ಟು ತಾಳ್ಮೆ ಇದ್ದರಾಯಿತು. ಡಿಟಿಪಿ ಕೆಲಸದಲ್ಲಿ ಹತ್ತಾರು ವರ್ಷ ಕಳೆದವರು, ನಿವೃತ್ತ ಶಿಕ್ಷಕರು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು ಇದಕ್ಕೆ ಹೇಳಿಮಾಡಿಸಿದವರು. ಒಂದು ಅಧ್ಯಾಯವನ್ನು ಸಂಕೀರ್ಣ ಲಿಪಿಯ ಸೌಲಭ್ಯವನ್ನು ಚಾಲೂ ಮಾಡಿಕೊಂಡು, ಕನ್ನಡ ಪಠ್ಯದ ಮೇಲೆ ಪರೀಕ್ಷಿಸಿ ಟಿಪ್ಪಣಿ ಬರೆದರೆ, ಈಗಿರುವ ಪರಿಶೀಲಕರಲ್ಲಿ ಬಹುತೇಕರಿಗೆ ಕಾಣಲಾರದ ಕೊರತೆಗಳು ಹೊರಬೀಳುತ್ತವೆ. ಸಂಬಳವಿಲ್ಲ, ಗಡುವಿನ ಒತ್ತಡವೂ ಅಷ್ಟಾಗಿ ಇಲ್ಲ.

ಪೂರ್ಣ ಗೈಡ್ ಕನ್ನಡದಲ್ಲಿ ಸಿಗುವುದಿಲ್ಲ. ಕನ್ನಡದಲ್ಲಿಯೇ ಕಲಿಯಬೇಕೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆಆಫೀಸ್ ಕುರಿತ ಪಾಠಗಳು ಕನ್ನಡದ ಧ್ವನಿಯಲ್ಲಿವೆ. ಆರಂಭಕ್ಕೆ ಅವು ಒಳ್ಳೆಯವು. ಆದರೆ ಪುಸ್ತಕ ಕಟ್ಟುವ ಮಟ್ಟದ ವಿವರ ಬೇಕಾದಾಗ ಗೈಡ್‌ಗೇ ಬರಬೇಕು.

ಅಚ್ಚಾದ ಪ್ರತಿ ಬೇಕೆನ್ನುವವರು ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸಿಕೊಡುವ ಲುಲು ಎಂಬ ಸಂಸ್ಥೆಯ ಮೂಲಕ ತರಿಸಿಕೊಳ್ಳಬಹುದು. ಹೊರದೇಶದಿಂದ ತರಿಸುವ ಖರ್ಚು ನನಗಂತೂ ಅನಗತ್ಯವೆನಿಸಿದೆ. ಕ್ರಿಯೇಟಿವ್ ಕಾಮನ್ಸ್‌ನ, ಮೂಲದವರ ಹೆಸರನ್ನು ನಮೂದಿಸಬೇಕೆನ್ನುವ ಪರವಾನಗಿ ಅಥವಾ ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಪರವಾನಗಿ, ಇವೆರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಂಡು ಪುಸ್ತಕವನ್ನು ನಕಲು ಮಾಡಲು, ಅನುವಾದಿಸಲು, ಮಾರಲು ಕೂಡ ಅನುಮತಿ ಇರುವುದರಿಂದ, ಊರಿನ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಮುದ್ರಿಸಿ ಸ್ಪೈರಲ್ ಹಾಕಿಸುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ನಾನೂರು ಪುಟವನ್ನೂ ಮುದ್ರಿಸಬೇಕಾಗಿಲ್ಲ: ಪುಟ ವಿನ್ಯಾಸದ ಎರಡು ಅಧ್ಯಾಯಗಳು, ಸ್ಟೈಲ್‌ಗಳ ಎರಡು ಅಧ್ಯಾಯಗಳು, ಪರಿವಿಡಿ ಮತ್ತು ಸೂಚಿಯ ಅಧ್ಯಾಯ ಇಷ್ಟನ್ನು ಮೇಜಿನ ಮೇಲಿಟ್ಟುಕೊಂಡು ಉಳಿದದ್ದನ್ನು ತೆರೆಯ ಮೇಲೆ ನೋಡಿಕೊಂಡರೆ ಪುಸ್ತಕ ಮಾಡುವವರಿಗೆ ಸಾಕಾಗುತ್ತದೆ. ಮೆನುಗಳು ಬದಲಾದರೂ ಈ ಐದು ಅಧ್ಯಾಯಗಳ ಒಳತಿರುಳು ಆವೃತ್ತಿಯಿಂದ ಆವೃತ್ತಿಗೆ ಅಷ್ಟಾಗಿ ಬದಲಾಗದ ಕಾರಣ, ಒಮ್ಮೆ ಮುದ್ರಿಸಿದ ಪ್ರತಿ ಕೆಲವು ವರ್ಷ ಬಾಳಿಕೆ ಬರುತ್ತದೆ.